ಮೂರನೇ ತಂತಿಗೆ ದಿಕ್ಕಿಲ್ಲ

ವೈರ್‌ಮನ್ ಆದವನು ನಗುವಿಗಾಗಿ ಎಲ್ಲೂ ಹೋಗಬೇಕಾಗಿಲ್ಲ. ಯಾವ ಮನೆಯ ಬೋರ್ಡು ಬಿಚ್ಚಿದರೂ ಒಳಗೊಂದು ಪ್ರಸಂಗ ಕಾದು ಕೂತಿರುತ್ತದೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಅಂತ ಬಸ್ಸು ಹತ್ತಿ ಇಳಿಯುತ್ತಾ ಎಷ್ಟು ಮನೆಗಳಿಗೆ ವೈರಿಂಗ್ ಮಾಡಿದೆನೋ ನೆನಪಿಲ್ಲ. ಪ್ರಸಂಗಗಳು ಮಾತ್ರ ನೆನಪಿವೆ.

ನಮ್ಮ ವಿದ್ಯೆ ಸರಳ. ಒಂದು ತಂತಿ ಕರೆಂಟು ತರುತ್ತದೆ, ಇನ್ನೊಂದು ವಾಪಸ್ ಒಯ್ಯುತ್ತದೆ. ಮೂರನೆಯದು ಅರ್ಥಿಂಗ್. ಎಲ್ಲಾದರೂ ಕರೆಂಟು ಸೋರಿದರೆ ಅದನ್ನು ನೆಲಕ್ಕಿಳಿಸಿ ಜೀವ ಉಳಿಸುತ್ತದೆ, ಅಷ್ಟೇ. ಬೆಳಕು ಕೊಡುವುದಿಲ್ಲ, ಫ್ಯಾನು ತಿರುಗಿಸುವುದಿಲ್ಲ. ಬರೀ ಜೀವ ಉಳಿಸುವ ತಂತಿ ಯಾರಿಗೆ ಬೇಕು? ಆದರೆ ಯಾರಾದರೂ ಶಾಕ್ ಹೊಡೆದು ಸತ್ತರೆ, ವೈರಿಂಗ್ ಸರಿಯಿದೆ ಎಂದು ಸಹಿ ಮಾಡಿದ ನನ್ನ ಕೊರಳಿಗೇ ಬರುವುದು. ಹಾಗಾಗಿ ಆ ಮೂರನೇ ತಂತಿಗಾಗಿ ಮನೆಮನೆಯಲ್ಲೂ ಜಗಳಾಡಿದ್ದೇನೆ. ಗೆದ್ದದ್ದು ಕಡಿಮೆ.

೧. ಗಟ್ಟಿ ತಂತಿ

ಮುಕ್ಕುಂದದ ಕಡೆ ನೆಲ್ಲು ಬೆಳೆಯುವ ಸಾವುಕಾರರೊಬ್ಬರು ಸಿಂಧನೂರಿನಲ್ಲಿ ಬಂಗಲೆ ಕಟ್ಟಿಸಿದರು. ಬಾಗಿಲಿಗೆ ತೇಗ, ನೆಲಕ್ಕೆ ಗ್ರಾನೈಟು. ಅರ್ಥಿಂಗ್ ಅಂದಾಗ ಮಾತ್ರ ಮುಖ ಗಂಟು ಹಾಕಿಕೊಂಡರು. ಗೋಗರೆದು ಒಪ್ಪಿಸಿ, ಹಿತ್ತಿಲ ಗೋಡೆಯುದ್ದಕ್ಕೂ ದಪ್ಪ ಕಬ್ಬಿಣದ ತಂತಿ ಎಳೆದು ನೆಲಕ್ಕೆ ಇಳಿಸಿದೆ.

ತಿಂಗಳಲ್ಲಿ ಕರೆ ಬಂತು. ನೀರಿನ ಮೋಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಯಂತೆ. ಹೋಗಿ ನೋಡಿದರೆ ಗೋಡೆಯ ಮೇಲೆ ನನ್ನ ತಂತಿಯೇ ಇಲ್ಲ. ಅಂಗಳದಲ್ಲಿ ಎರಡು ಗೂಟಗಳ ನಡುವೆ ಬಿಗಿಯಾಗಿ ನಿಂತಿತ್ತು, ಮೈತುಂಬ ಒದ್ದೆ ಸೀರೆ ಹೊದ್ದುಕೊಂಡು.

"ಅಮ್ಮಾರ, ಇದು ಅರ್ಥಿಂಗ್ ತಂತಿ ಅಲ್ಲೇನ್ರೀ?" ಎಂದೆ.

"ಗ್ವಾಡಿ ಮ್ಯಾಲ ಸುಮ್ನ ಬಿದ್ದಿತ್ತು, ಒಂದು ಲೈಟೂ ಹತ್ತತಿರಲಿಲ್ಲ. ನೀವು ಮರ್ತು ಹೋಗೀರಿ ಅಂತ ಬಿಚ್ಚಿಸಿದ್ವಿ," ಎಂದರು ಸಾವುಕಾರರ ಹೆಂಡತಿ. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಬಾಳ ಚಲೋ ಮಾಲು ಹಾಕೀರಿ ಬಿಡ್ರಿ. ಎಂಟು ಸೀರಿ ಹಾಕಿದ್ರೂ ಜೋಲು ಬೀಳಂಗಿಲ್ಲ."

೨. ಕೂಲರಿನ ಚಪ್ಪಲಿ

ಲಿಂಗಸುಗೂರಿನಲ್ಲಿ ಒಬ್ಬ ವಿಜ್ಞಾನದ ಮಾಸ್ತರರು. ನಡುಮನೆಯಲ್ಲಿ ತಗಡಿನ ಕೂಲರ್, ಅದರ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ. ಬಾಗಿಲ ಹೊರಗೇ ಚಪ್ಪಲಿ ಬಿಡಿಸುವ ಮಡಿವಂತರ ಮನೆಯದು. ಇದೇನೆಂದು ಕೇಳಿದೆ.

"ಕೂಲರ್ ಮುಟ್ಟಿದ್ರ ಸ್ವಲ್ಪ ಜುಮ್ ಅಂತೈತ್ರೀ. ನೀರು ಹಾಕೋರು ಮೆಟ್ಕೊಂಡು ಹಾಕ್ಲಿ ಅಂತ ಇಟ್ಟೀವಿ."

ಪ್ಲಗ್ಗು ಕಿತ್ತು ನೋಡಿದೆ. ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಪ್ಲಗ್ಗಿನ ಮೂರನೇ ಪಿನ್ನು, ಅದೇ ಅರ್ಥಿಂಗಿನ ದಪ್ಪ ಪಿನ್ನು, ಬುಡಸಮೇತ ಮಾಯ. ಗರಗಸದಿಂದ ಕೊಯ್ದು, ಚುಚ್ಚಬಾರದೆಂದು ನುಣ್ಣಗೆ ಉಜ್ಜಿಯೂ ಇದ್ದರು. ಮಾಸ್ತರರ ಕೆಲಸ ಅಚ್ಚುಕಟ್ಟು.

"ಮಾಸ್ತರ್ರ, ನೀವ ಸಾಲ್ಯಾಗ ಅರ್ಥಿಂಗ್ ಪಾಠ ಮಾಡ್ತೀರಲ್ರೀ?"

"ಮಾಡ್ತೀನಲ್ಲ, ಚಿತ್ರಾನೂ ಬಿಡಿಸ್ತೀನಿ," ಎಂದರು ಅಭಿಮಾನದಿಂದ. "ಆದ್ರ ಅದು ಪರೀಕ್ಷಾಕ್ಕ ಬರೋದ್ರೀ, ಮನಿಗಲ್ಲ."

೩. ಉಪ್ಪು, ಇದ್ದಿಲು, ತಾಮ್ರದ ತಗಡು

ಮಸ್ಕಿಯ ಒಬ್ಬ ಕಿರಾಣಿ ಅಂಗಡಿಯವನು ಮಾತ್ರ ತಾನಾಗಿಯೇ ಅರ್ಥಿಂಗ್ ಕೇಳಿದ. ಹಳೇ ಮನೆಯ ತಗಡಿನ ಕೊಟ್ಟಿಗೆಗೆ ಕರೆಂಟು ಹತ್ತಿ ಅವನ ಎಮ್ಮೆ ಸತ್ತಿತ್ತು. "ಎಮ್ಮಿ ಹೋತು, ಹೊಸಾ ಮನ್ಯಾಗ ಮಕ್ಕಳು ಅದಾವ್ರೀ. ಚಲೋತ್ನ್ಯಾಗಿ ಮಾಡ್ರಿ," ಅಂದ. ಆ ಮಾತು ಕೇಳಿ ನನಗೆ ಕಣ್ಣೀರು ಬರುವುದೊಂದು ಬಾಕಿ.

ಕಾಂಪೌಂಡಿನ ಮೂಲೆಯಲ್ಲಿ ಆಳಾಗಿ ಗುಂಡಿ ತೋಡಿಸಿದೆ. ತಳಕ್ಕೆ ತಾಮ್ರದ ತಗಡು ಇಟ್ಟು, ಉಪ್ಪು, ಇದ್ದಿಲು ಸುರಿಯುತ್ತಿದ್ದೆ. ಪಕ್ಕದ ಮನೆಯ ಮುದುಕಿ ಗೋಡೆಯ ಆಚೆಯಿಂದ ಇಣುಕಿದಳು.

"ಏನ್ ಹುಗ್ಯಾಕತ್ತೀಯೋ ತಮ್ಮಾ?"

"ತಾಮ್ರದ ತಗಡು, ಉಪ್ಪು, ಇದ್ದಿಲು ಬೇ ಅವ್ವಾ," ಎಂದೆ ಹೆಮ್ಮೆಯಿಂದ.

ಮುದುಕಿ ಮರೆಯಾದಳು. ಸ್ವಲ್ಪ ಹೊತ್ತಿಗೆ ಓಣಿಗೆ ಓಣಿಯೇ ಬಂತು. ಅವಳ ಮಗ ನನ್ನ ಅಂಗಿ ಹಿಡಿದ. "ನಮ್ಮ ಮನಿಗೆ ಮಾಟ, ಬಾನಾಮತಿ ಮಾಡಾಕ ಬಂದೀಯೇನಲೇ?"

ಅಂಗಡಿಯವನ ಮುಖ ಬಿಳಚಿತು. "ಓಣ್ಯಾಗ ಬಾಳೇವು ಮಾಡಬೇಕ್ರೀ, ಮುಚ್ಚಿಬಿಡ್ರಿ," ಎಂದು ಪಿಸುಗುಟ್ಟಿದ. ಸಿಕ್ಕ ಒಬ್ಬನೇ ಗಿರಾಕಿಯೂ ಕೈಬಿಟ್ಟು ಹೋಗುತ್ತಿದ್ದ. ನಾನು ಅಂಗಿ ಬಿಡಿಸಿಕೊಳ್ಳದೆಯೇ ಪಾಠ ಶುರು ಮಾಡಿದೆ. ಮನೆಯಲ್ಲಿ ಎಲ್ಲಿ ಕರೆಂಟು ಸೋರಿದರೂ ಈ ತಂತಿ ಹಿಡಿದು ಬಂದು ಗುಂಡಿಯಲ್ಲಿ ಇಳಿಯುತ್ತದೆ, ಮಕ್ಕಳಿಗೆ ಏನೂ ಆಗುವುದಿಲ್ಲ ಎಂದೆ. ಎಮ್ಮೆಯ ಕಥೆ ಎಲ್ಲರಿಗೂ ಗೊತ್ತಿತ್ತು. ತಲೆದೂಗಿದರು. ಮಗ ಅಂಗಿ ಬಿಟ್ಟ.

ಮುದುಕಿ ಬಿಡಲಿಲ್ಲ. "ಗುಂಡ್ಯಾಗಿಂದ ಎಲ್ಲಿ ಹೋಗ್ತೈತಿ?"

"ಭೂಮ್ಯಾಗ ಬೇ ಅವ್ವಾ."

"ಅಂದ್ರ ನಮ್ಮ ಕಡೀಗೇ ಬಂತು. ಗ್ವಾಡಿ ಇರೋದು ಮ್ಯಾಲ. ಭೂಮ್ಯಾಗ ಎಲ್ಲೈತಿ ಗ್ವಾಡಿ?"

ಕೊನೆಗೆ ಅವಳೇ ತೀರ್ಪು ಕೊಟ್ಟಳು: ತಮ್ಮ ಅಂಗಳದಲ್ಲೂ ಅಂಥದ್ದೇ ಗುಂಡಿ ಆಗಬೇಕು, ಇವರದಕ್ಕಿಂತ ಒಂದು ಮೊಳ ಆಳ. ಹಾಗಾದರೆ ಮಾತ್ರ ಇವರದು ಉಳಿಯುತ್ತದೆ. ಮಗನೇ ಅಗೆದ. ತಗಡು, ಉಪ್ಪು, ಇದ್ದಿಲು ಹಾಕಿ, ನೀರು ಸುರಿದು, ಬೆವರು ಒರೆಸಿಕೊಂಡು ತಂತಿ ಕೈಗೆತ್ತಿಕೊಂಡೆ.

"ಅವ್ವಾ, ಮೀಟರ್ ಎಲ್ಲೈತಿ ತೋರ್ಸು. ತಂತಿ ಕೂಡಸ್ತೀನಿ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೀಟರ್ ಎಲ್ಲಿಂದ ತರ್ಲೋ? ನಮ್ಮನಿಗೆ ಇನ್ನೂ ಕರೆಂಟ ಬಂದಿಲ್ಲ. ಅದು ಬಂದಾಗ ಬರ್ಲಿ, ಮೊದ್ಲ ಹೋಗಾಕ ದಾರಿ ಇರ್ಲಿ."