ಅತ್ತಿಗೆಯ ಹಿಮ್ಮಡಿ ಮತ್ತು ತುಂಬಿದ ಲಾರಿ

ಈ ಭೂಮಿಯ ಮೇಲೆ ನಿಂತು ಐವತ್ತೇಳು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ, ಈ ನೆಲ ನನ್ನ ಭಾರ ತಾಳುತ್ತದೆಯೇ ಎಂದು ನಾನು ಯೋಚಿಸಿದವನಲ್ಲ. ಯೋಚಿಸಬೇಕಾದ ಮೈಕಟ್ಟೇ ನಿಮ್ಮದು ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಬೇರೆ ವಿಷಯ. ತಿಪಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು ನಾನು. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಸೀಮೆಸುಣ್ಣ ಸವೆಸಿದ್ದೇನೆ. ಆ ಬಲ, ಆ ವಿಸ್ತೀರ್ಣ ಎರಡೂ ಒಂದು ದಿನ ಆರು ಚಕ್ರದ ಲಾರಿಯಾಗಿ ನಮ್ಮ ತೋಟಕ್ಕೇ ಬಂದು ನನ್ನ ಮಾನ ಕಳೆಯುತ್ತವೆ ಎಂದು ಮಾತ್ರ ಗೊತ್ತಿರಲಿಲ್ಲ.

ನಮ್ಮ ತೆಂಗಿನ ತೋಟ ಬಿಳಿಗೆರೆಯ ಹತ್ತಿರ. ನೋಡಿಕೊಳ್ಳುವವರು ಅಣ್ಣ ಮತ್ತು ಗೌರಮ್ಮ ಅತ್ತಿಗೆ. 'ಅಣ್ಣ ಮತ್ತು' ಎಂದು ಬರೆದದ್ದು ಮರ್ಯಾದೆಗೆ, ನೋಡಿಕೊಳ್ಳುವವರು ಅತ್ತಿಗೆಯೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವರು ಮದುವೆಯಾಗಿ ನಮ್ಮ ಮನೆಗೆ ಬಂದರು. ಅಂದು ನನ್ನ ಸಿಂಬಳ ಒರೆಸಿದವರು ಇಂದಿಗೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅವರಿಗೆ ಬಾರದ ವಿದ್ಯೆ ನನಗೆ ಕಂಡಿಲ್ಲ. ಅಟ್ಟದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಇದು ಕೊಬ್ಬರಿಯಾಗಿದೆ, ಇದಕ್ಕೆ ಇನ್ನೊಂದು ತಿಂಗಳು ಬೇಕು, ಇದು ಒಳಗೇ ಕೆಟ್ಟಿದೆ ಎಂದು ಹೇಳಿಬಿಡುತ್ತಾರೆ. ಒಡೆದು ನೋಡಿದರೆ ಹಾಗೇ ಇರುತ್ತದೆ. ಒಂದು ಸಲ ಪರೀಕ್ಷೆ ಮಾಡಲೆಂದು ಅವರು ಕೆಟ್ಟಿದೆ ಎಂದ ಕಾಯನ್ನು ನಾನು ಗುರುತು ಹಾಕಿ ಮನೆಗೆ ತಂದಿದ್ದೆ. ಅದನ್ನು ಒಡೆದ ದಿನ ಕಿಟಕಿಗಳನ್ನೆಲ್ಲ ತೆರೆದಿಡಬೇಕಾಯಿತು.

ಕಳೆದ ಮುಂಗಾರಿನ ಮಾತು. ತೋಟದ ನಡುವೆ ನಮ್ಮ ಅಟ್ಟದ ಮನೆ ಇದೆ. ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರೆಲ್ಲ ಇಂಗಿ ಒಳಗೆ ಉಂಡೆ ಕೊಬ್ಬರಿಯಾಗುತ್ತದೆ. ಆ ಸಲದ ಕಾಯಿಗೆ ಇನ್ನು ಹದಿನೈದು ದಿನ ಬೇಕಿತ್ತು. ಅಷ್ಟರಲ್ಲಿ ಮಳೆಗಾಳಿಗೆ ಮರವೊಂದು ಬಿದ್ದು ಅರ್ಧ ಹೆಂಚು ಪುಡಿಯಾಯಿತು. ಟಾರ್ಪಾಲು ಹೊದಿಸಿದರೆ ಗಾಳಿ ಅದನ್ನೂ ಹಾರಿಸಿತು. ಕಾಯಿ ನೆನೆದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಒಂದು ವರ್ಷದ ಫಸಲು ತಿಪ್ಪೆಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಬಿಸಿಲು ಬಂದಿತ್ತಾದರೂ ಮಧ್ಯಾಹ್ನದ ಮೇಲೆ ಮತ್ತೆ ಮಳೆ ಎಂಬುದು ಆಕಾಶ ನೋಡಿದರೇ ತಿಳಿಯುವಂತಿತ್ತು. ಅಣ್ಣ ತುರುವೇಕೆರೆಗೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ. ಅತ್ತಿಗೆ ನನಗೆ ಫೋನ್ ಮಾಡಿ, ಕಾಯನ್ನೆಲ್ಲ ತಿಪಟೂರಿನ ನನ್ನ ಮನೆಯ ಹಿಂದಿನ ಶೆಡ್ಡಿಗೆ ಸಾಗಿಸಬೇಕು, ಗಾಡಿ ಮಾಡಿಕೊಂಡು ಬಾ ಎಂದರು. ಮಳೆ ಬಿದ್ದಿದ್ದರಿಂದ ಊರಿನ ಟ್ರ್ಯಾಕ್ಟರುಗಳೆಲ್ಲ ಉಳುಮೆಗೆ ಹೋಗಿದ್ದವು. ಸಿಕ್ಕಿದ್ದು ಬಾಷಾ ಎಂಬುವರ ಲಾರಿ, ಜೊತೆಗೆ ನಾಲ್ವರು ಆಳುಗಳು.

ಎರಡು ದಿನ ನೆನೆದ ತೋಟದೊಳಗೆ ಲಾರಿ ಹೋಗಬೇಕು. ಇಲ್ಲಿ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ದಂಡಿನವರು ಭಾರದ ಗಾಡಿ ಓಡಿಸುವ ಮುಂಚೆ ಮೊನೆಯಿರುವ ಸಲಾಕೆಯನ್ನು ನೆಲಕ್ಕೆ ಒತ್ತಿ, ಅದು ಎಷ್ಟು ಬಲಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡಿ ಗಾಡಿ ಹೂತುಕೊಳ್ಳುತ್ತದೋ ಇಲ್ಲವೋ ಹೇಳುತ್ತಾರೆ ಎಂದು ಎಲ್ಲೋ ಓದಿದ್ದೆ. ಕಬ್ಬಿಣದ ಸಲಾಕೆಗೆ ಗೇಣುಗೇಣಿಗೂ ಬಣ್ಣದ ಗೆರೆ ಹಾಕಿದೆ. ಐದು ಕೇಜಿಯ ತೂಕದ ಬಟ್ಟನ್ನು ಒಂದೇ ಎತ್ತರದಿಂದ ಅದರ ತಲೆಯ ಮೇಲೆ ಬಿಡುತ್ತಾ, ಒಂದು ಗೇಣು ಇಳಿಯಲು ಎಷ್ಟು ಪೆಟ್ಟು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ದಾರಿ ಎರಡಿದ್ದವು. ಒಂದು ಬೇಲಿಯ ಪಕ್ಕದ್ದು, ಪಾದ ಮುಳುಗುವಷ್ಟು ಕೆಸರು. ಇನ್ನೊಂದು ಮರದ ಸಾಲುಗಳ ನಡುವಿನದು, ಹುಲ್ಲು ಬೆಳೆದು ಹಸಿರಾಗಿ, ಕಣ್ಣಿಗೆ ತಂಪಾಗಿತ್ತು. ಅಲ್ಲಿ ಸಲಾಕೆ ಅರ್ಧ ಗೇಣು ಇಳಿದು ನಿಂತುಬಿಟ್ಟಿತು. ಎಷ್ಟು ಕುಟ್ಟಿದರೂ ಮಿಸುಕಲಿಲ್ಲ. ನಾಲ್ಕು ಜಾಗದಲ್ಲಿ ನೋಡಿದೆ, ನಾಲ್ಕರಲ್ಲೂ ಹಾಗೆಯೇ. ಬೇಲಿಯ ಪಕ್ಕ ಸಲಾಕೆ ಇಡಲೂ ಇಲ್ಲ. ಕೆಸರಿಗೆ ಪ್ರಯೋಗ ಬೇಕೇ ಎಂದುಕೊಂಡೆ.

ಅಷ್ಟು ಹೊತ್ತೂ ಅತ್ತಿಗೆ ಬರಿಗಾಲಲ್ಲಿ ಓಡಾಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಹಿಮ್ಮಡಿಯಿಂದ ನೆಲ ಗುದ್ದಿ ತಲೆ ವಾಲಿಸಿ ಕೇಳುವುದು. ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಹೊಸೆದರು. ಹುಲ್ಲು ಯಾವುದೆಂದು ಬಗ್ಗಿ ನೋಡಿದರು. ಕೆಸರಿನ ದಾರಿಯಲ್ಲಿ ಸೀರೆ ಎತ್ತಿಕಟ್ಟಿಕೊಂಡು ಈ ತುದಿಯಿಂದ ಆ ತುದಿಗೆ ನಡೆದು ಬಂದು, ಲಾರಿ ಬೇಲಿ ಪಕ್ಕದಲ್ಲೇ ಬರಲಿ ಎಂದರು. ನಾನು ಪುಸ್ತಕ ತೋರಿಸಿದೆ.

"ಈ ಹುಲ್ಲಿನ್ ದಾರೀಲಿ ಗುದ್ದುದ್ರೆ ಟೊಳ್ಳು ಶಬ್ದ ಬತ್ತೈತೆ ಕಣಪ್ಪ," ಎಂದರು ಅತ್ತಿಗೆ. "ಜೇಕಿನ ಹುಲ್ಲು ಬೇರೆ ಬೆಳ್ದೈತೆ, ನೀರು ಕುಡ್ದಿರೋ ಜಾಗ. ನೀನೇ ಮಟ್ಟೆ ಹೂಳ್ಸಿದ್ಯಲ್ಲ, ಅದು ಇದ್ರಡೀನೇ ಇರೋದು."

ನಿಜ. ಎರಡು ವರ್ಷದ ಹಿಂದೆ, ಮರಗಳಿಗೆ ತೇವ ನಿಲ್ಲಲೆಂದು ಸಾಲುಗಳ ನಡುವೆ ಉದ್ದಕ್ಕೂ ಚರ ತೆಗೆಸಿ, ಕಾಯಿ ಸುಲಿದ ಮಟ್ಟೆಗಳನ್ನು ಹೂಳಿಸಿದವನು ನಾನೇ. ಅದೂ ಓದಿ ತಿಳಿದದ್ದೇ. ಆದರೆ ಈಗ ನಾನು, ಎರಡು ವರ್ಷಕ್ಕೆ ಮಟ್ಟೆಯೆಲ್ಲ ಕೊಳೆತು ಮಣ್ಣಾಗಿರುತ್ತದೆ, ಇಲ್ಲದಿದ್ದರೆ ಸಲಾಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು ಎಂದು ವಾದಿಸಿದೆ. ಬಾಷಾ ಆ ಕಡೆಯ ಕೆಸರು ನೋಡಿದರು, ಈ ಕಡೆಯ ಹುಲ್ಲು ನೋಡಿದರು, ಸಾರ್ ಹೇಳುವುದೇ ಸರಿ ಎಂದರು. ಅತ್ತಿಗೆ ಜಗಳ ಮಾಡುವವರಲ್ಲ. ಆಯಿತು ಎಂದರು.

ಲಾರಿ ಹುಲ್ಲಿನ ಮೇಲೆ ಸಲೀಸಾಗಿ ಬಂದು ಅಟ್ಟದ ಮನೆಯ ಮುಂದೆ ನಿಂತಿತು. ನಾನು ಅತ್ತಿಗೆಯ ಮುಖವನ್ನೇ ನೋಡಿದೆ. ನೋಡಬಾರದಿತ್ತು, ಆದರೆ ಗೆದ್ದವನಿಗೆ ಆ ಹೊತ್ತಿನಲ್ಲಿ ಸಭ್ಯತೆ ಎಲ್ಲಿ ನೆನಪಾಗುತ್ತದೆ. ಅವರು ನನ್ನನ್ನು ನೋಡದೆ ಚಕ್ರದ ಗುರುತಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದರು. ಗುರುತಿನ ತಳದಲ್ಲಿ ನೀರು ಒಸರುತ್ತಿತ್ತು.

"ಬಂದಿದ್ದು ಖಾಲಿ ಲಾರಿ ಕಣಪ್ಪ. ಹೋಗೋದು ತುಂಬಿದ್ದು," ಎಂದಷ್ಟೇ ಹೇಳಿ ಕಾಯಿ ಇಳಿಸಲು ಹೋದರು.

ಮಾತು ಇಷ್ಟೇ. ಭಾರ ಹೆಚ್ಚಿದರೆ ಒತ್ತಡ ಹೆಚ್ಚು ಎಂಬುದನ್ನು ಪ್ರತಿವರ್ಷ ಪರೀಕ್ಷೆಗೆ ಕೊಡುವ ನನಗೆ ಆಗಲೂ ಬುದ್ಧಿ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಲಾರಿ ತುಂಬಿತು. ಪಶ್ಚಿಮಕ್ಕೆ ಮೋಡ ಕಪ್ಪಾಯಿತು. ನಾನು ಕೈ ಬೀಸಿ, ಬಂದ ದಾರಿಯಲ್ಲೇ ಹೋಗಿ ಎಂದೆ. ಲಾರಿ ಹತ್ತು ಮಾರು ಹೋಗಿ, ಎಡಗಡೆ ನಿಧಾನವಾಗಿ ವಾಲಿ, ಹಿಂದಿನ ಚಕ್ರ ಅಚ್ಚಿನವರೆಗೂ ಇಳಿದು ನಿಂತಿತು. ಬಾಷಾ ಜೋರು ಮಾಡಿದಷ್ಟೂ ಚಕ್ರ ಗಿರ್ರನೆ ತಿರುಗಿ ಕೆಂಪು ನೀರನ್ನೂ ಅದರ ಜೊತೆಗೆ ಮಟ್ಟೆಗಳನ್ನೂ ಹೊರಗೆ ಎಸೆಯಿತು. ಒಂದು ಮಟ್ಟೆ ನನ್ನ ಕಾಲ ಬಳಿಯೇ ಬಂದು ಬಿತ್ತು. ಕೊಳೆಯುವುದಿರಲಿ, ಮೊನ್ನೆ ಸುಲಿದದ್ದರಂತಿತ್ತು. ಅದರ ಬೆನ್ನಿನ ಮೇಲೆ ನನ್ನ ಸಲಾಕೆಯ ಮೊನೆ ಕುಟ್ಟಿದ ಗುರುತು ಸ್ಪಷ್ಟವಾಗಿತ್ತು. ಬೆಳಿಗ್ಗೆ ನಾನು ಗಟ್ಟಿ ನೆಲ ಎಂದು ಅಷ್ಟು ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆದುಕೊಂಡದ್ದು ನೀರು ಕುಡಿದು ಕುಳಿತಿದ್ದ ಮಟ್ಟೆಯ ಗಟ್ಟಿತನವನ್ನು.

ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನಿಸಿತು. ಬಿಡುವ ಜಾಗದಲ್ಲೇ ನಿಂತಿದ್ದೆ ಕೂಡ. ಅತ್ತಿಗೆ ನನ್ನನ್ನು ಬೈಯುತ್ತಾರೆಂದು ಕಾದೆ. ಅವರಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ಅರ್ಧ ಕಾಯಿ ಇಳಿಸಿ ಎಂದರು. ಚಕ್ರದ ಹಿಂದೆ ಕೆಸರು ಬಗೆಸಿ, ಒಣಗಿದ ಗರಿಗಳನ್ನು ಅಡ್ಡಡ್ಡ ಹಾಸಿ, ಅದರ ಮೇಲೆ ಒಡೆದ ಹೆಂಚು ಸುರಿಸಿದರು. ಮುಂದಕ್ಕೆ ಬೇಡ, ಬಂದ ಗುರುತಿನಲ್ಲೇ ಹಿಂದಕ್ಕೆ ತೆಗಿ ಎಂದು ಬಾಷಾಗೆ ಹೇಳಿದರು. ಲಾರಿ ನಾಲ್ಕು ಸಲ ತಿಣುಕಿ ಹಿಂದಕ್ಕೆ ಬಂತು. ಇಳಿಸಿದ ಕಾಯನ್ನು ಮತ್ತೆ ತುಂಬಿದೆವು, ನಾನೂ ಹೊತ್ತೆ. ಆಮೇಲೆ ಅತ್ತಿಗೆ ಬೇಲಿ ಪಕ್ಕದ ಕೆಸರಿಗಿಳಿದು ಲಾರಿಯ ಮುಂದೆ ನಡೆದರು. ಬಾಷಾ ಅನುಮಾನದಿಂದ ತಲೆ ಹೊರಗೆ ಹಾಕಿದಾಗ ಹೇಳಿದರು:

"ಕೆಸರು ಮೇಲ್ಮೇಲೆ ಕಣಪ್ಪ, ಕೆಳಗೆ ಗಟ್ಟಿ ಗರಸು ಐತೆ. ನಮ್ಮತ್ತೆ ಕಾಲ್ದಲ್ಲಿ ಎತ್ತಿನಗಾಡಿ ಓಡಾಡ್ತಿದ್ದುದ್ದು ಇಲ್ಲೇಯ. ನಾನು ಮುಂದೆ ನಡೀತೀನಿ, ನೀನು ಬಾ."

ಚಕ್ರಗಳು ಕೆಸರನ್ನು ಎರಡೂ ಕಡೆ ಚಿಮ್ಮಿಸಿದವು, ಒಂದು ಗೇಣೂ ಇಳಿಯಲಿಲ್ಲ. ಲಾರಿ ರಸ್ತೆ ಸೇರಿ, ಟಾರ್ಪಾಲು ಕಟ್ಟಿ ಮುಗಿಸುವ ಹೊತ್ತಿಗೆ ದಪ್ಪ ಹನಿ ಶುರುವಾಯಿತು. ಸೊಂಟದವರೆಗೂ ಕೆಸರಾಗಿ ಮಳೆಯಲ್ಲಿ ನಿಂತಿದ್ದ ಅತ್ತಿಗೆಯನ್ನು ನೋಡಿ ನನಗೆ ಕಣ್ಣು ತುಂಬಿತು. ನಾನು ಒಂದು ದಿನದಲ್ಲಿ ಮುಳುಗಿಸಲು ಹೊರಟಿದ್ದ ಒಂದು ವರ್ಷದ ಫಸಲನ್ನು ಅವರು ಬರಿಗಾಲಲ್ಲಿ ನಡೆದು ದಡ ಸೇರಿಸಿದ್ದರು. ಹಾಗೆಂದು ಹೇಳಿದೆ ಕೂಡ. ತಲೆ ಒರೆಸಿಕೋ, ಶೀತವಾಗುತ್ತೆ ಎಂದರು.

ಅಂದಿನಿಂದ ನಾನು ಅವರ ಶಿಷ್ಯ. ತೋಟಕ್ಕೆ ಹೋದಾಗಲೆಲ್ಲ ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ನೆಲ ಗುದ್ದುತ್ತೇನೆ. ನನಗೆ ಕೇಳಿಸುವುದು ನನ್ನ ಮೊಣಕಾಲಿನ ಶಬ್ದ ಮಾತ್ರ. ಆದರೂ ಕಳೆದ ತಿಂಗಳು ಅಟ್ಟದ ಮನೆ ರಿಪೇರಿಗೆ ಜಲ್ಲಿಯ ಟಿಪ್ಪರ್ ಬಂದಾಗ ಅತ್ತಿಗೆ ಅದನ್ನು ಗೇಟಿನಲ್ಲೇ ನಿಲ್ಲಿಸಿ, ಎಲ್ಲಿ ಬಿಡಬಹುದು ನೀನೇ ನೋಡಿ ಹೇಳು ಎಂದು ನನ್ನನ್ನು ಕರೆದರು. ಎದೆ ಉಬ್ಬಿತು. ಕಾಲು ಗಂಟೆ ತೋಟವೆಲ್ಲ ಸುತ್ತಿದೆ, ಗುದ್ದಿದೆ, ಮಣ್ಣು ಹೊಸೆದೆ, ಹುಲ್ಲು ನೋಡಿದೆ. ಕೊನೆಗೆ ಬಾವಿಯ ಈಚೆ ಕಡೆ ಬಹಳ ಗಟ್ಟಿ, ಧಾರಾಳವಾಗಿ ಬಿಡಬಹುದು ಎಂದೆ. ಅತ್ತಿಗೆ ಗಮನವಿಟ್ಟು ಕೇಳಿ, ತಲೆಯಾಡಿಸಿ, ಡ್ರೈವರ್ ಕಡೆ ತಿರುಗಿದರು.

"ಬಾವಿ ಈಚೆ ಒಂದು ಬುಟ್ಟು, ಎಲ್ಲಾದ್ರೂ ತಗೊಂಡೋಗಪ್ಪ," ಎಂದರು.

ಟಿಪ್ಪರ್ ಎಲ್ಲೂ ಹೂತುಕೊಳ್ಳಲಿಲ್ಲ.