ಕಂಪ್ಯೂಟರ್ ಕಾಯುವುದನ್ನು ಕಲಿಯಲು ಹೋದದ್ದು

ಗೊತ್ತಿರುವ ವಿಷಯವನ್ನು ಇನ್ನೊಬ್ಬರಿಂದ ಕಲಿಯುವುದು ನನಗೆ ಕಷ್ಟ. ಗೊತ್ತಿಲ್ಲದ ವಿಷಯವನ್ನು ಕಲಿಯುವುದು ಇನ್ನೂ ಕಷ್ಟ, ಏಕೆಂದರೆ ಗೊತ್ತಿಲ್ಲವೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಹೀಗಾಗಿ ಶಾಲೆ ಬಿಟ್ಟ ಮೇಲೆ ನಾನು ಯಾವುದನ್ನೂ ಕಲಿತವನಲ್ಲ. ಬೇರೆಯವರು ತಪ್ಪು ಕಲಿತದ್ದನ್ನು ತಿದ್ದುತ್ತ ಬಂದಿದ್ದೇನೆ. ಕಲಘಟಗಿಯ ಒಂದು ಸಹಕಾರಿ ಸಂಘದಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ನನಗೆ ಅದಕ್ಕೆ ಬೇಕಾದಷ್ಟು ಅವಕಾಶವಿತ್ತು. ನನ್ನ ಕೆಂಪು ಶಾಯಿ ಮುಟ್ಟದ ಇಂಗ್ಲಿಷ್ ಪತ್ರ ಆ ಕಚೇರಿಯಿಂದ ಹೊರಗೆ ಹೋದದ್ದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸಂಘಕ್ಕೆ ಕಂಪ್ಯೂಟರ್ ಬರುವ ಸುದ್ದಿ ಹಬ್ಬಿತು. ಅದರ ಹಿಂದೆಯೇ ಒಂದು ಸುತ್ತೋಲೆ ಬಂತು. ಅಣ್ಣಿಗೇರಿಯಲ್ಲಿ ಎರಡು ದಿನ ಕಂಪ್ಯೂಟರ್ ಸುರಕ್ಷತೆಯ ತರಬೇತಿ ಸಮ್ಮೇಳನ. ಸಣ್ಣ ಊರುಗಳ ಸಂಘಗಳಿಗೆ ಕೈಗೆಟಕುವ ಶುಲ್ಕ. ಮಧ್ಯಾಹ್ನದ ಊಟ ಅದರಲ್ಲೇ ಸೇರಿದೆ. ಶುಲ್ಕ ನೋಡಿಯೇ ನನಗೆ ಅದರ ಯೋಗ್ಯತೆ ತಿಳಿಯಿತು. ಆ ದರಕ್ಕೆ ಹುಬ್ಬಳ್ಳಿಯ ಖಾನಾವಳಿಯಲ್ಲಿ ಎರಡು ಊಟ ಸಿಗುತ್ತಿದ್ದವು. ಜ್ಞಾನವನ್ನು ಎಲೆಯ ಮೂಲೆಗೆ ಉಪ್ಪಿನಕಾಯಿಯಂತೆ ಬಡಿಸುವ ಏರ್ಪಾಡು ಇದು ಎಂದುಕೊಂಡೆ.

ಅಧ್ಯಕ್ಷರಾದ ಗೌಡರು ನನ್ನನ್ನೂ ಟೈಪಿಸ್ಟ್ ಶಾಂತಾಬಾಯಿಯವರನ್ನೂ ಕರೆಸಿದರು. "ಮಶಿನ್ ಬರೂದು ಇನ್ನೂ ಆರು ತಿಂಗಳ ಐತಿ. ಅದನ್ನ ಕಾಯೂದು ಹೆಂಗ ಅಂತ ಈಗ ಕಲಿಸ್ತಾರಂತ. ಇಬ್ಬರೂ ಹೋಗಿ ಬರ್ರಿ. ಯಾರು ಚೊಲೊ ಕಲತು ಬರತಾರ, ಮಶಿನ್ ಅವರ ಕೈಯಾಗ."

"ಬಾಗಲಕ್ಕ ಕೀಲಿ ಹಾಕಿದರ ಮುಗೀತಲ್ಲರಿ ಗೌಡ್ರ," ಎಂದೆ. ಆದರೆ ಮಶಿನ್ ನನಗೆ ಬೇಕಾಗಿತ್ತು. ಅದಕ್ಕಾಗಿ ಪ್ರತ್ಯೇಕ ಕೋಣೆ, ಹೊಸ ಫ್ಯಾನು, ತಿರುಗುವ ಕುರ್ಚಿ ಎಲ್ಲ ಮಂಜೂರಾಗಿದ್ದವು. ಶಾಂತಾಬಾಯಿಯವರನ್ನು ನಾನು ಪೈಪೋಟಿಯೆಂದು ಎಣಿಸಲೇ ಇಲ್ಲ. ದುಮ್ಮವಾಡದ ಆ ಹೆಣ್ಣುಮಗಳು ಹದಿನೆಂಟು ವರ್ಷ ನಾನು ತಿದ್ದಿಕೊಟ್ಟದ್ದನ್ನು ಎರಡನೆಯ ಸಲ ಟೈಪ್ ಮಾಡುತ್ತ ಬಂದವರು, ಎದುರು ಮಾತಾಡಿದವರಲ್ಲ.

ಸಮ್ಮೇಳನ ನಡೆದದ್ದು ಅಣ್ಣಿಗೇರಿಯ ದಲಾಲಿ ಅಂಗಡಿಗಳ ಹಿಂದಿನ ಒಂದು ಸಭಾಭವನದಲ್ಲಿ. ಹುಬ್ಬಳ್ಳಿಯಿಂದ ಬಂದ ದೇಸಾಯಿ ಎಂಬ ತರುಣ ಕಲಿಸುವವನು. ಇದ್ದ ಒಂದೇ ಕಂಪ್ಯೂಟರನ್ನು ಬಾಣಂತಿಯ ಹಾಗೆ ಕಂಬಳಿ ಸುತ್ತಿ ಕಾರಿನಲ್ಲಿ ತಂದಿದ್ದ. ಧೂಳು ಈ ಯಂತ್ರದ ಮೊದಲ ವೈರಿ ಎಂದು ಅವನು ಹೇಳುತ್ತಿದ್ದಾಗ ಕಿಟಕಿಯಾಚೆ ಹಮಾಲರು ಕಡಲೆ ಜರಡಿ ಹಿಡಿಯುತ್ತಿದ್ದರು. ಹೊಟ್ಟು ತೇಲಿ ಬಂದು ಅವನ ತಲೆಯ ಮೇಲೂ ಕೂತಿತು, ಯಂತ್ರದ ಮೇಲೂ ಕೂತಿತು. ಯಂತ್ರಕ್ಕೆ ವೈರಸ್ ಬರುತ್ತದೆ ಎಂದಾಗ, ಪಕ್ಕದಲ್ಲಿ ನನಗಾಗಿ ಟವೆಲ್ಲು ಹಾಸಿ ಜಾಗ ಹಿಡಿದಿದ್ದ ಬಮ್ಮಿಗಟ್ಟಿ ಸಂಘದ ಕಾರ್ಯದರ್ಶಿ ಬಸವಣ್ಣೆಪ್ಪನವರು ಎದ್ದು ನಿಂತು, "ಮುಟ್ಟಿದವರಿಗೂ ಹತ್ತತೈತೇನ್ರಿ?" ಎಂದು ಕೇಳಿದರು. ನಾನು ಹಣೆಗೆ ಕೈ ಹಚ್ಚಿ ಕೂತೆ. ಎಂಥವರ ನಡುವೆ ಬಂದು ಬಿದ್ದೆನಲ್ಲ ಎನಿಸಿತು.

ಮಧ್ಯಾಹ್ನ ದೇಸಾಯಿ ಒಂದು ಸ್ಪರ್ಧೆ ಹೂಡಿದ. ಪ್ರತಿಯೊಬ್ಬರೂ ಯಂತ್ರದೊಳಗೆ ತಮ್ಮ ಹೆಸರಿನ ಒಂದು ಖಾನೆ ತೆರೆದು, ಯಾರಿಗೂ ತಿಳಿಯಬಾರದಂಥ ಒಂದು ಸಾಲನ್ನು ಅದರಲ್ಲಿ ಬರೆದು, ಗುಟ್ಟಿನ ಶಬ್ದವೊಂದರಿಂದ ಬೀಗ ಹಾಕಬೇಕು. ಮರುದಿನ ಯಾರು ಯಾರ ಬೀಗ ಬೇಕಾದರೂ ತೆಗೆಯಬಹುದು. ಹೆಚ್ಚು ಬೀಗ ತೆಗೆದವರಿಗೆ ಮೊದಲ ದರ್ಜೆಯ ಸರ್ಟಿಫಿಕೇಟು. ಜನ ಮಕ್ಕಳ ಹೆಸರು, ಮನೆದೇವರ ಹೆಸರು ಇಡುತ್ತಿರುವುದು ಅವರ ತುಟಿ ನೋಡಿದರೇ ತಿಳಿಯುತ್ತಿತ್ತು. ಬಸವಣ್ಣೆಪ್ಪನವರು ತಮ್ಮ ಎತ್ತಿನ ಹೆಸರಿಟ್ಟು, ಅದರ ಅಕ್ಷರ ಸರಿ ಇದೆಯೇ ಎಂದು ನನ್ನನ್ನೇ ಕೇಳಿದರು. ನಾನು ಇಟ್ಟದ್ದು ಇಂಗ್ಲಿಷಿನ 'ಲೆಫ್ಟಿನೆಂಟ್'. ಬಾಯಲ್ಲಿ ಎಫ್ ಕೇಳುತ್ತದೆ, ಬರೆದರೆ ಎಫ್ ಎಲ್ಲೂ ಇಲ್ಲ. ಯಾರಾದರೂ ಊಹಿಸಿದರೂ ಬರೆಯಲಾರರು. ಒಳಗೆ ಬರೆದ ಸಾಲೂ ಇಂಗ್ಲಿಷಿನಲ್ಲೇ ಇತ್ತು: ಈ ಸಭೆಯಲ್ಲಿ ನನ್ನೊಬ್ಬನ ಹೊರತು ಯಾರಿಗೂ ಏನೂ ತಿಳಿಯುವುದಿಲ್ಲ, ಕಲಿಸುವವನಿಗೂ ಸಹಿತ.

ಸಂಜೆ ಚಹಾದ ಹೊತ್ತಿಗೆ ಶಾಂತಾಬಾಯಿಯವರು ನೋಟ್‌ಬುಕ್ಕು ಹಿಡಿದು ಬಂದರು. "ರಾಯರ, ನಮ್ಮ ತಂಗಿ ಮಗಳಿಗೆ ಸಾಲ್ಯಾಗ ಸ್ಪೆಲಿಂಗ್ ಪರೀಕ್ಷಾ ಇಟ್ಟಾರ್ರಿ. ಅಗದಿ ಕಠಿಣ ಶಬ್ದ ನಾಕು ಬರದು ಕೊಡ್ರಿ. ನಿಮ್ಮನ್ನ ಬಿಟ್ಟರ ಇನ್ನ ಯಾರನ್ನ ಕೇಳಲಿ?"

ನಾನು 'ನ್ಯುಮೋನಿಯಾ' ಬರೆದೆ. 'ಸೈಕಾಲಜಿ' ಬರೆದೆ.

"ಇವು ಅಕಿಗೆ ಬರತಾವಂತ್ರಿ," ಎಂದರು.

'ರೆಸ್ಟೋರೆಂಟ್' ಬರೆದೆ. ಅವರು ಅದನ್ನು ಕರುಣೆಯಿಂದ ನೋಡಿದರು. "ಇದಕ್ಕಿಂತ ಕಠಿಣ ನಿಮಗೂ ಬರೂದಿಲ್ಲ ಕಾಣಸ್ತದ. ಇರಲಿ ಬಿಡ್ರಿ ರಾಯರ, ಹೈಸ್ಕೂಲ್ ಮಾಸ್ತರರನ್ನ ಕೇಳತೀನಿ."

ಆ ಮಾಸ್ತರರ ಸ್ಪೆಲಿಂಗ್ ಎಂಥದೆಂದು ನನಗೆ ಗೊತ್ತಿತ್ತು. ಪೆನ್ನು ತಾನಾಗಿ ಓಡಿತು. ಬರೆಯುವಾಗ ಅದು ಗುಟ್ಟೆಂದು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು, ಆಗ ಅರ್ಧ ಬರೆದಾಗಿತ್ತು. ಅರ್ಧ ಬರೆದು ಬಿಟ್ಟರೆ ನನಗೆ ಮುಂದಿನದು ಬಾರದೆಂದು ಅವರು ತಿಳಿದರೆ? ಪೂರ್ತಿ ಬರೆದೆ. ಕಲಘಟಗಿಯ ಟೈಪಿಸ್ಟಿಗೆ ಇದೆಲ್ಲಿ ಹೊಳೆಯಬೇಕು ಎಂದು ಸಮಾಧಾನ ಮಾಡಿಕೊಂಡು, ಎಫ್ ಏಕಿಲ್ಲ ಎಂಬುದನ್ನು ಕೂಡ ವಿವರಿಸಿದೆ.

ಮರುದಿನ ಒಬ್ಬೊಬ್ಬರೇ ಯಂತ್ರದ ಮುಂದೆ ಕೂತು, ಕಾಳು ಹೆಕ್ಕುವ ಕೋಳಿಗಳಂತೆ ಒಂದೊಂದೇ ಕೀಲಿ ಕುಟ್ಟಿದರು. ನಾನು ಎಂಟು ಬೀಗ ತೆಗೆದೆ. ಎತ್ತಿನದೂ ಅದರಲ್ಲಿ ಒಂದು. ಆಮೇಲೆ ಶಾಂತಾಬಾಯಿಯವರು ಸೆರಗು ಸಿಕ್ಕಿಸಿಕೊಂಡು ಕೂತರು. ಕೀಲಿಗಳ ಕಡೆ ನೋಡಲೂ ಇಲ್ಲ. ಹತ್ತೂ ಬೆರಳು ಸುರಿಮಳೆಯಂತೆ ಬಿದ್ದವು. ಹನ್ನೊಂದು ಬೀಗ ತೆಗೆದರು. ಹನ್ನೊಂದನೆಯದು ನನ್ನದು.

ದೇಸಾಯಿ ಪರದೆಯ ಮೇಲಿನ ನನ್ನ ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದ. ನಂತರ, ಎಲ್ಲರಿಗೂ ತಿಳಿಯಲೆಂದು, ಸಾವಕಾಶವಾಗಿ ಕನ್ನಡಕ್ಕೆ ಅನುವಾದಿಸಿದ. ಸಭೆ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಸವಣ್ಣೆಪ್ಪನವರು ಮಾತ್ರ ನನ್ನ ತೊಡೆ ತಟ್ಟಿ ಹೇಳಿದರು: "ಖರೇನ ಬರದೀರಿ ಬಿಡ್ರಿ, ರಾಯರ. ನಮಗೇನ ತಿಳೀತೈತಿ? ಅದಕ್ಕ ಕಲಿಯಾಕ ಬಂದೀವಿ." ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ಊಟಕ್ಕೆ ಕೂತಾಗ ತಮ್ಮ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದರು.

ಹಿಂದಿರುಗುವಾಗ ಹುಬ್ಬಳ್ಳಿಯವರೆಗಿನ ರೈಲಿನಲ್ಲಿ ಶಾಂತಾಬಾಯಿಯವರನ್ನು ಕೇಳಿದೆ: "ನಿಮ್ಮ ತಂಗಿ ಮಗಳ ಪರೀಕ್ಷಾ ಯಾವಾಗ?"

"ನನಗ ತಂಗೀನ ಇಲ್ಲರಿ ರಾಯರ," ಎಂದು ಅವರು ಕಿಟಕಿಯಾಚೆಯ ಎರೆಹೊಲ ನೋಡುತ್ತ ಕೂತರು.

ಮಶಿನ್ ಬಂತು, ಕೋಣೆ, ಫ್ಯಾನು, ಕುರ್ಚಿ ಅವರ ಪಾಲಾದವು. ಅವರು ತಿಂಗಳಿಗೊಮ್ಮೆ ಗುಟ್ಟಿನ ಶಬ್ದ ಬದಲಿಸುತ್ತಿದ್ದರು. ಚಹಾ ತರಿಸಿಕೊಟ್ಟು, ಹೆಡ್ ಕ್ಲಾರ್ಕಿಗಾದರೂ ತಿಳಿದಿರಬೇಕಲ್ಲ ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ನಿಮಗ ಹೇಳಿದರ ಅದರ ಸ್ಪೆಲಿಂಗ್ ತಿದ್ದತೀರಿ," ಎಂದರು.

ಎಂದರೆ, ತಿದ್ದುವಂಥದೇನೋ ಅದರಲ್ಲಿ ಇದೆ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.