ಕಲಾಕೃತಿ ಸಂಖ್ಯೆ ಏಳಕ್ಕೆ ನೀರು ಹಾಕಲು ಪರವಾನಗಿ ಕೋರಿ

ದಿನಾಂಕ: 26-3-1984

ಇಂದ:
ಬಸವಣಪ್ಪ ತಂದೆ ಗುರುಲಿಂಗಪ್ಪ,
ವಯಸ್ಸು 74, ನಿವೃತ್ತ ಶಾಲಾ ಶಿಕ್ಷಕ, ಬಸವಕಲ್ಯಾಣ.

ಗೆ:
ಶ್ರೀ ಮಹಾರುದ್ರಪ್ಪನವರು, ಕಾರ್ಯದರ್ಶಿಗಳು,
‘ನಿಸರ್ಗ ಮತ್ತು ಮಾನವ’ ಕಲಾ ಪ್ರದರ್ಶನ ಸಮಿತಿ,
ಹಳೆಯ ಹತ್ತಿ ಗೋದಾಮು, ಹುಮನಾಬಾದ.

ವಿಷಯ: ಕಲಾಕೃತಿ ಸಂಖ್ಯೆ ಏಳಕ್ಕೆ ದಿನಕ್ಕೆ ಒಂದು ತಂಬಿಗೆ ನೀರು ಹಾಕಲು ಪರವಾನಗಿ ಕೊಡುವ ಕುರಿತು.

ಉಲ್ಲೇಖ: ನನಗೆ ಪ್ರವೇಶ ನಿಷೇಧಿಸಿದ ತಮ್ಮ ನೋಟೀಸು, ದಿನಾಂಕ 24-3-1984.

ಮಾನ್ಯರೇ,

ಸದರಿ ನೋಟೀಸಿನಲ್ಲಿ ನಾನು ‘ಕಲಾಕೃತಿಗೆ ಪದೇ ಪದೇ ನೀರು ಸುರಿದು, ಅದರಲ್ಲಿ ಚಿಗುರು ಬರುವಂತೆ ಮಾಡಿ, ಅದರ ಅರ್ಥಕ್ಕೆ ಹಾನಿ ಉಂಟುಮಾಡಿದ್ದೇನೆ’ ಎಂದು ಬರೆದಿದ್ದೀರಿ. ಆರೋಪ ನಿಜ. ಆದರೆ ಕಾರಣಗಳಿವೆ. ಅವನ್ನು ಕೆಳಗೆ ಅನುಕ್ರಮವಾಗಿ ನಿವೇದಿಸುತ್ತೇನೆ.

1. ಸದರಿ ಕಲಾಕೃತಿಯು ಮೂಲತಃ ಬಸವಕಲ್ಯಾಣದಲ್ಲಿ ನನ್ನ ಮನೆಯ ಮುಂದಿದ್ದ ಪತ್ರಿ ಗಿಡ, ಅಂದರೆ ಬಿಲ್ವ. ನನ್ನ ಹೆಂಡತಿ ಭಾಗಮ್ಮ ಮದುವೆಯಾಗಿ ಬಂದ ವರ್ಷ ಹಚ್ಚಿದ್ದು. ನಲವತ್ತೆಂಟು ವರ್ಷ ನನ್ನ ಲಿಂಗಪೂಜೆಗೆ ಪತ್ರಿ ಇದೇ ಗಿಡದಿಂದ ಬಂದಿದೆ. ಪೂಜೆಯ ತಂಬಿಗೆಯಲ್ಲಿ ಉಳಿದ ನೀರನ್ನು ಜನ ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಪತ್ರಿ ಗಿಡದ ಬುಡಕ್ಕೇ ಹಾಕಬೇಕು ಎಂಬುದು ನಮ್ಮ ಮನೆಯ ರೂಢಿ. ಆ ಕೆಲಸ ಭಾಗಮ್ಮನದು.

2. ಕಳೆದ ದಸರೆಯ ಮರುವಾರ ಭಾಗಮ್ಮ ಲಿಂಗೈಕ್ಯಳಾದಳು. ಅಂದು ಮುಂಜಾನೆ ಆಕೆ ಕೇಳಿದ ಕೊನೆಯ ಮಾತು, “ಗಿಡಕ್ಕ ನೀರ ಹಾಕೀರೇನು?” ಎಂಬುದು. ನಾನು “ಹಾಕೀನಿ” ಅಂದೆ. ಹಾಕಿರಲಿಲ್ಲ. ಈ ಅರ್ಜಿಗೆ ಮುಖ್ಯ ಕಾರಣ ಇದೇ ಆಗಿದ್ದು, ಉಳಿದವು ಉಪಕಾರಣಗಳೆಂದು ತಿಳಿಯತಕ್ಕದ್ದು.

3. ಜನವರಿಯಲ್ಲಿ ನಾನು ದುಬಲಗುಂಡಿಗೆ ಮಗಳ ಮನೆಗೆ ಹೋದಾಗ ರಸ್ತೆ ಅಗಲ ಮಾಡುವವರು ಗಿಡ ಕಡಿದರು. ಬೇರುಮಣ್ಣು ಸಮೇತ ಉಳಿದ ಎದೆಮಟ್ಟದ ಬೊಡ್ಡೆಯನ್ನು ಕಲಾಕಾರ ಮಚ್ಚೇಂದ್ರ ಎಂಬುವರು ಲಾರಿಯಲ್ಲಿ ಹೇರಿಕೊಂಡು ತಮ್ಮ ಪ್ರದರ್ಶನಕ್ಕೆ ತಂದರೆಂದು ಓಣಿಯವರು ಹೇಳಿದರು. ಆದ್ದರಿಂದ ನಾನು ಪೂಜೆ ಮುಗಿಸಿ, ತಂಬಿಗೆ ಹಿಡಿದು, ಬಸ್ಸಿನಲ್ಲಿ ಹುಮನಾಬಾದಕ್ಕೆ ಬರತೊಡಗಿದೆ. ಕಂಡಕ್ಟರು ಮೊದಲ ದಿನ, “ಅಜ್ಜಾರ, ಹುಮನಾಬಾದದಾಗ ನೀರ ಸಿಗಂಗಿಲ್ಲೇನ್ರಿ?” ಅಂದ. ಈಗ ತಾನೇ ತಂಬಿಗೆಗೆ ಕಿಟಕಿಯ ಬದಿ ಜಾಗ ಹಿಡಿದಿರುತ್ತಾನೆ.

4. ಕಲಾಕೃತಿಯ ಹೆಸರು ‘ಇನ್ನು ಚಿಗುರದು’. ಪಕ್ಕದ ಚೀಟಿಯಲ್ಲಿ, ‘ಬೊಡ್ಡೆಯಲ್ಲಿರುವ ಮೊಳೆಯು ನಿಸರ್ಗದ ಮೇಲೆ ಮಾನವನು ನಡೆಸಿದ ಹಿಂಸೆಯ ಸಂಕೇತ’ ಎಂದಿದೆ. ಈ ಕುರಿತು ಸ್ಪಷ್ಟೀಕರಣವೇನೆಂದರೆ, ಆ ಮೊಳೆ ಹೊಡೆದವಳು ಭಾಗಮ್ಮ. ಪತ್ರಿ ಬುಟ್ಟಿಗೆ ಆಡು ಬಾಯಿ ಹಾಕದಿರಲೆಂದು ತೂಗುಹಾಕಲು ಹೊಡೆದದ್ದು. ಆಕೆ ನಿಸರ್ಗದ ಮೇಲೆ ಹಿಂಸೆ ನಡೆಸಿದ್ದನ್ನು ನಾನು ಕಂಡಿಲ್ಲ. ನನ್ನ ಮೇಲೆ ಆಗಾಗ ನಡೆಸಿದ್ದುಂಟು; ಅದಕ್ಕೆ ಮೊಳೆ ಬಳಸುತ್ತಿರಲಿಲ್ಲ, ಮಾತೇ ಸಾಕಾಗುತ್ತಿತ್ತು.

5. ಮೊದಲ ದಿನವೇ ತಮ್ಮ ಕಾವಲುಗಾರ ನಬೀಸಾಬ್ ತನ್ನ ಕರ್ತವ್ಯ ನಿರ್ವಹಿಸಿದ್ದಾನೆ.

“ಬ್ಯಾಡ್ರಿ ಅಜ್ಜಾರ, ನೀರ ಹಾಕಬ್ಯಾಡ್ರಿ. ಇದು ಗಿಡಾ ಅಲ್ರಿ, ಕಲಾ ಅದ.”

“ಕಲಾ ಆದ್ರ ನೀರಡಿಕಿ ಆಗಂಗಿಲ್ಲೇನಪಾ?”

ಆತ “ಅದನ್ನ ನನಗ ಯಾರೂ ಹೇಳಿಲ್ರಿ” ಎಂದು ಬೀಡಿ ಸೇದಲು ಹೊರಗೆ ಹೋದ. ಮುಂದೆಯೂ ದಿನಾಲು ಅದೇ ಹೊತ್ತಿಗೆ ಹೋಗುತ್ತಿದ್ದ. ಇದರಲ್ಲಿ ಆತನ ತಪ್ಪಿಲ್ಲ. ಬೀಡಿಯದು.

6. ಹತ್ತೊಂಬತ್ತನೆಯ ದಿನ ಮೊಳೆಯ ಕೆಳಗೆ ಚಿಗುರು ಕಂಡಿತು. ಒಂದೇ ತೊಟ್ಟಿನಲ್ಲಿ ಮೂರು ದಳ, ಇಲಿಮರಿಯ ಕಿವಿಯಷ್ಟು. ಇದಾದ ಮೇಲೆ ಮುಡಬಿಯ ಹೆಣ್ಣುಮಕ್ಕಳು ಕೆಲವರು ಚಪ್ಪಲಿ ಹೊರಗೆ ಬಿಟ್ಟು ಬಂದು, ಬೊಡ್ಡೆಗೆ ವಿಭೂತಿ ಹಚ್ಚಿ, ಮೂರು ಸುತ್ತು ಹಾಕಿ, ಉಳಿದ ಹನ್ನೊಂದು ಕಲಾಕೃತಿಗಳನ್ನು ನೋಡದೆಯೇ ಹೋದರೆಂದು ನೋಟೀಸಿನಲ್ಲಿದೆ. ಅವರಿಗೆ ನಾನು ಏನೂ ಹೇಳಿಕೊಟ್ಟಿಲ್ಲ. ವಿಭೂತಿ ಮಾತ್ರ ನನ್ನದು, ಕೇಳಿದರು, ಕೊಟ್ಟೆ.

7. ಕಲಾಕಾರ ಮಚ್ಚೇಂದ್ರರು ನನ್ನನ್ನು ಬೈಯಲಿಲ್ಲ. ಸಂಕಟಪಟ್ಟುಕೊಂಡರು.

“ಕಾಕಾ, ಇದು ಸತ್ತದ ಅಂತ ನಾ ತೋರಿಸಾಕತ್ತೀನಿ. ನೀವು ನೋಡಿದ್ರ ಬದುಕಿಸಾಕತ್ತೀರಿ. ನನ್ನ ಮಾತ ಸುಳ್ಳ ಆಗ್ತದಲ್ರಿ!”

“ಹಂಗಾದ್ರ ಚೀಟಿ ಬದಲ ಮಾಡಪಾ. ಗಿಡಕ್ಕ ಓದಾಕ ಬರಂಗಿಲ್ಲ.”

“ಮೂವತ್ತೊಂದಕ್ಕ ಬೆಂಗಳೂರಿಂದ ದೊಡ್ಡವರು ನೋಡಾಕ ಬರ್ತಾರ್ರಿ. ಅದಕ್ಕೂ ಮುಂಚೆ ಚಿಗುರು ಕೊಯ್ಯದೆ ನನಗ ಗತಿ ಇಲ್ಲ.”

ಆತನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕಡಿದವರು ಮನುಷ್ಯರೇ. ಆ ಬೊಡ್ಡೆಯನ್ನು ಅಲ್ಲಿ ಒಂಟಿಯಾಗಿ ನಿಲ್ಲಿಸಿದ್ದನ್ನು ಮೊದಲು ಕಂಡಾಗ ನಾನೂ ಗೋಡೆ ಹಿಡಿದು ಕುಳಿತೆ. ಅಷ್ಟರಮಟ್ಟಿಗೆ ಅದು ಒಳ್ಳೆಯ ಕಲೆ. ಆದರೆ ಸತ್ತವರ ಹತ್ತಿರ ಕುಳಿತು ಬಂದವನು ನಾನು. ಇದು ಹಾಗಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ:

ಅ) ಸದರಿ ಚಿಗುರನ್ನು ಕೊಯ್ಯಬಾರದೆಂದು ಕಲಾಕಾರರಿಗೆ ಲಿಖಿತ ಸೂಚನೆ ಕೊಡಬೇಕು.

ಆ) ಪ್ರದರ್ಶನ ಮುಗಿದ ಮೇಲೆ ಬೊಡ್ಡೆಯನ್ನು ನನಗೆ ವಹಿಸಬೇಕು. ಹಿತ್ತಲಲ್ಲಿ ತಗ್ಗು ತೋಡಿಸಿಟ್ಟಿದ್ದೇನೆ.

ಇ) ದಿನಾಲು ನೀರು ಹಾಕಲು ಸಂದರ್ಶಕನಾಗಿ ನನಗೆ ಪ್ರವೇಶ ಕೊಡಲು ನಿಯಮ ಅಡ್ಡ ಬಂದಲ್ಲಿ, ಕಲಾಕೃತಿಯಾಗಿ ಕೊಡಬೇಕು. ತಮ್ಮ ಪ್ರದರ್ಶನದ ಹೆಸರು ‘ನಿಸರ್ಗ ಮತ್ತು ಮಾನವ’. ಹನ್ನೆರಡೂ ಕೃತಿಗಳನ್ನು ನೋಡಿದ್ದೇನೆ; ಕೊಂಬೆ, ಕಲ್ಲು, ಗೂಡು, ಒಣಗಿದ ಮೀನು ಇವೆ, ಮಾನವ ಎಲ್ಲಿಯೂ ಇಲ್ಲ. ಆ ಕೊರತೆ ನೀಗಿಸಲು ನನ್ನನ್ನು ಸಂಖ್ಯೆ ಹದಿಮೂರು ಎಂದು ಏಳರ ಪಕ್ಕದಲ್ಲಿ ಕೂರಿಸಬಹುದು. ಮಾತಾಡುವುದಿಲ್ಲ. ‘ಇನ್ನು ಚಿಗುರದು’ ಎಂಬ ಚೀಟಿಯನ್ನು ಬೊಡ್ಡೆಯಿಂದ ತೆಗೆದು ನನ್ನ ಎದೆಗೆ ಅಂಟಿಸಿದರೆ ಕಲಾಕಾರರ ಮಾತೂ ಉಳಿಯುತ್ತದೆ, ಸುಳ್ಳೂ ಆಗುವುದಿಲ್ಲ.

ಇಂತು ತಮ್ಮ ವಿಶ್ವಾಸಿ, ಸದ್ಯ ತಮ್ಮ ಗೋದಾಮಿನ ಹೊರಗಿನ ಕಟ್ಟೆಯ ಮೇಲೆ ಕುಳಿತಿರುವ,

(ಸಹಿ) ಬಸವಣಪ್ಪ

ಲಗತ್ತುಗಳು:
1. ತಮ್ಮ ನೋಟೀಸು, ಮೂಲಪ್ರತಿ.
2. ಬಸ್ ಟಿಕೀಟುಗಳು, ಒಂದು ಕಟ್ಟು.
3. ಒಣ ಪತ್ರಿ ಎಲೆ ಒಂದು. ಭಾಗಮ್ಮ ಗಿಡದಿಂದ ಹರಿದು ತುಂಬಿಸಿದ ಕೊನೆಯ ಬುಟ್ಟಿಯದು. ನೋಡಿ ವಾಪಸು ಮಾಡತಕ್ಕದ್ದು.
4. ನೀರು, ಒಂದು ತಂಬಿಗೆ. ಇದನ್ನು ಫೈಲಿನಲ್ಲಿ ಇಡಲು ಬಾರದ ಕಾರಣ, ಕಲಾಕೃತಿ ಸಂಖ್ಯೆ ಏಳರ ಬುಡಕ್ಕೆ ಹಾಕಿ ವಿಲೇವಾರಿ ಮಾಡಬೇಕಾಗಿ ವಿನಂತಿ. ತಂಬಿಗೆಯನ್ನು ನಬೀಸಾಬನ ಕೈಯಲ್ಲಿ ಇಂದೇ ಹಿಂತಿರುಗಿಸಬೇಕು. ನಾಳೆಯ ಅರ್ಜಿಗೆ ಲಗತ್ತಿಸಬೇಕಾಗಿದೆ.